ಮೇಷ್ಟ್ರ ಕಾರು ಸದ್ದು ಕಳೆದುಕೊಂಡದ್ದು

ಡ್ರಾಯಿಂಗ್ ಮೇಷ್ಟ್ರ ಕಾರಿನ ಬಗ್ಗೆ ಮಾತಾಡುವ ಹಕ್ಕು ನಮ್ಮ ಬೀದಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಮೇಷ್ಟ್ರು ಅದನ್ನು ಓಡಿಸಿದ್ದಾರೆ, ನಿಜ. ಆದರೆ ತಳ್ಳಿದವನು ನಾನು. ಅವರ ಮನೆ ಮಹಡಿಯ ಮೇಲೆ, ನನ್ನ ಹೊಲಿಗೆ ಅಂಗಡಿ ಕೆಳಗೆ. ಕಾರು ನಿಲ್ಲುತ್ತಿದ್ದುದು ನನ್ನ ಅಂಗಡಿಯ ಬಾಗಿಲಲ್ಲೇ. ಬೆಳಿಗ್ಗೆ ಎಂಟೂಕಾಲಿಗೆ ಮೇಷ್ಟ್ರು ಶಾಲೆಗೆ ಹೊರಟರೆಂದರೆ ನಾನು ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬರುತ್ತಿದ್ದೆ. ಯಾರೂ ಕರೆಯಬೇಕಾಗಿರಲಿಲ್ಲ. ಬೇರೆ ದರ್ಜಿಗಳಿಗೆ ವಯಸ್ಸಾಗುತ್ತ ಬೆನ್ನು ಬಾಗುತ್ತದೆ. ನನಗೆ ಮಾತ್ರ ಪೈಲ್ವಾನನ ಮೀನಖಂಡ ಬಂದದ್ದು ಹೀಗೆ.

ಅದೊಂದು ಪುಟ್ಟ ಕಾರು. ಹಿಂದೆ ಡಿಕ್ಕಿ ಅಂತ ಬಾಲ ಬೆಳೆದಿಲ್ಲ. ಗಾಜಿನ ಬಾಗಿಲೆತ್ತಿದರೆ ಎರಡು ಚೀಲ ಹಿಡಿಯುವಷ್ಟು ಜಾಗ, ಅಷ್ಟೇ. ಕೊಂಡಾಗ ಕೆಂಪಗಿತ್ತಂತೆ. ಹದಿನೈದು ವರ್ಷ ಬಿಸಿಲು ತಿಂದ ಮೇಲೆ ಅದರ ಬಣ್ಣ ಯಾವುದೆಂದು ಹೇಳಲು ಡ್ರಾಯಿಂಗ್ ಮೇಷ್ಟ್ರೇ ಬೇಕಾಗಿತ್ತು. ಅವರು ಅದನ್ನು ‘ಸಂಜೆ ಹೊತ್ತಿನ ಇಟ್ಟಿಗೆ’ ಎನ್ನುತ್ತಿದ್ದರು. ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ತಳ್ಳಿ ಎಬ್ಬಿಸಿದರೆ ತೂತುಬಿದ್ದ ಸೈಲೆನ್ಸರಿನಿಂದಾಗಿ ಇಡೀ ಬೀದಿಯೇ ಏಳುತ್ತಿತ್ತು. ಬ್ರೇಕು ಮೂರನೇ ತುಳಿತಕ್ಕೆ ಹಿಡಿಯುತ್ತಿತ್ತು. ಗಾಡಿ ಎಡಕ್ಕೆ ಎಳೆಯುತ್ತಿದ್ದುದರಿಂದ ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ಹಿಡಿಯಬೇಕಿತ್ತು. ನಿಜವಾಗಿಯೂ ಬಲಕ್ಕೆ ತಿರುಗಿದರೆ ಹಾರ್ನು ತಾನಾಗಿಯೇ ಕೂಗಿಕೊಳ್ಳುತ್ತಿತ್ತು. ಎರಡನೇ ಗೇರನ್ನು ಕೈಯಲ್ಲಿ ಅದುಮಿ ಹಿಡಿಯದಿದ್ದರೆ ಜಾರಿ ಆಚೆ ಬರುತ್ತಿತ್ತು. ಡ್ರೈವರ್ ಪಕ್ಕದ ಬಾಗಿಲು ಭುಜದಿಂದ ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ಏರು ಬಂದರೆ ಮೇಷ್ಟ್ರ ಹೆಂಡತಿ ಇಳಿದು ನಡೆಯುತ್ತಿದ್ದರು; ಬಹಳ ಸಲ ಅವರೇ ಮೊದಲು ಮೇಲೆ ತಲುಪುತ್ತಿದ್ದರು. ಇನ್ನು ರೇಡಿಯೇಟರು ಕುದಿಯದೆ ನಾಲ್ಕು ಕಿಲೋಮೀಟರು ದಾಟಿದ್ದನ್ನು ಕಂಡವರಿಲ್ಲ. ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿಗಳು ಮನೆಮಕ್ಕಳ ಹಾಗೆ ಸಾಲಾಗಿ ಕೂತಿರುತ್ತಿದ್ದವು.

ನಿಮಗೆ ಇವೆಲ್ಲ ರಿಪೇರಿಗಳು ಅನ್ನಿಸಬಹುದು. ಮೇಷ್ಟ್ರಿಗೆ ಇವು ಕಾರಿನ ಸ್ವಭಾವ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ನಾನೊಮ್ಮೆ ಬೆವರು ಒರೆಸಿಕೊಳ್ಳುತ್ತ, “ಮೇಷ್ಟ್ರೇ, ಸ್ಟಾರ್ಟರ್ ಒಂದು ಸರಿ ಮಾಡಿಸಿಬಿಡಿ” ಅಂದದ್ದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿದರು.

“ಇದರಲ್ಲಿ ಕೆಟ್ಟಿರೋದು ಏನಿದೆಯಪ್ಪಾ? ಬೆಳಿಗ್ಗೆ ನಿನಗೂ ಎದ್ದ ತಕ್ಷಣ ಮಾತಾಡಕ್ಕೆ ಮನಸ್ಸಿರುತ್ತಾ?”

ಹೀಗಿರುವಾಗ ಸಾರಿಗೆ ಕಚೇರಿಯಿಂದ ಕಾಗದ ಬಂತು. ಹದಿನೈದು ವರ್ಷ ತುಂಬಿದ ಗಾಡಿಯನ್ನು ಈ ತಿಂಗಳ ಕೊನೆಯ ದಿನದೊಳಗೆ ತಂದು ಪರೀಕ್ಷೆ ಮಾಡಿಸತಕ್ಕದ್ದು. ಪಾಸಾಗದಿದ್ದರೆ ಗಾಡಿ ಗುಜರಿಗೆ. ಮೇಷ್ಟ್ರು ಅದನ್ನು ಓದಿ ನಕ್ಕರು. ಹಿಂದಿನ ದೀಪದ ಬಲ್ಬ್ ಒಂದು ಹೋಗಿತ್ತು. ಅದೊಂದನ್ನು ಹಾಕಿಸಿ, ತೊಳೆಸಿಬಿಟ್ಟರೆ ಪರೀಕ್ಷೆಗೆ ತಯಾರು ಎಂದು ಕಾರನ್ನು ಗ್ರೀಸ್ ಮಾವನ ಗ್ಯಾರೇಜಿಗೆ ಬಿಟ್ಟು ಬಂದರು. ಬಿಟ್ಟು ಬಂದರು ಅಂದರೆ, ನಾನು ತಳ್ಳಿದೆ.

ಅದೇ ದಿನ ಮಧ್ಯಾಹ್ನ ಮೇಷ್ಟ್ರ ಹೆಂಡತಿ ನನ್ನ ಅಂಗಡಿಗೆ ಬಂದರು. ಕೈಯಲ್ಲೊಂದು ದಿಂಬಿನ ಚೀಲ, ಅಂಚು ಬಿಚ್ಚಿದೆ ಎಂಬ ನೆಪ. ಅಂಚು ಬಿಚ್ಚಿರಲಿಲ್ಲ. ಅವರು ನನ್ನನ್ನು ಅಣ್ಣ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ದೊಡ್ಡವರಾಗುವುದು ಇಬ್ಬರಿಗೂ ಬೇಡವಾದ್ದರಿಂದ ಈ ಏರ್ಪಾಡು.

“ಅಣ್ಣಾ, ಈ ಅವತಾರದಲ್ಲಿ ಕಾರು ಪಾಸಾಗುತ್ತಾ?”

“ಪರೀಕ್ಷೆ ಮಾಡೋರಿಗೆ ಕಣ್ಣೂ ಕಿವಿನೂ ಎರಡೂ ಇಲ್ದಿದ್ರೆ ಆಗಬಹುದು ಅಕ್ಕ.”

“ಗಾಡಿ ಉಳೀಬೇಕು. ಎಲ್ಲಾ ಸರಿಮಾಡಿಸಿಬಿಡೋಣ. ಆದ್ರೆ ಇವರಿಗೆ ಗೊತ್ತಾಗಬಾರದು. ಕಾರಿಗೆ ಕಾಯಿಲೆ ಅಂದ್ರೆ ಇವರೇ ಮಲಗಿಬಿಡ್ತಾರೆ.”

ನಾನು ಆಗ ಬಾಯಿಗೆ ಬೀಗ ಹಾಕಿಕೊಂಡು ಕಾಜಾ ಹೊಲಿಯುತ್ತ ಕೂರಬಹುದಾಗಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡೆ. ಮುಂದೆಂದೂ ತಳ್ಳಬೇಕಾಗಿಲ್ಲ ಎಂಬ ಆಸೆ ಕಣ್ಣೆದುರು ಕುಣಿಯಿತು. ಇಬ್ಬರೂ ಗ್ಯಾರೇಜಿಗೆ ಹೋದೆವು. ಗ್ರೀಸ್ ಮಾವ ಎಂಬಾತ ಯಾರಿಗೂ ಮಾವನಲ್ಲ, ಗ್ರೀಸಿನಿಂದ ಮಾತ್ರ ಆ ಹೆಸರಿಗೆ ನ್ಯಾಯವಿದೆ. ಅವನಿಗೂ ಅವನ ಕೆಲಸದವರಿಗೂ ಆರು ಜೊತೆ ಗ್ಯಾರೇಜಿನ ಬಟ್ಟೆ ನಾನು ಹೊಲಿದುಕೊಡುವುದು, ಅವನು ಕಾರನ್ನು ಅಡಿಯಿಂದ ಮುಡಿಯವರೆಗೆ ಸರಿಮಾಡುವುದು, ಸಾಮಾನುಗಳನ್ನು ಅಕ್ಕ ಕೊಡಿಸುವುದು, ಮೂವರೂ ಬಾಯಿ ಬಿಡದಿರುವುದು ಎಂದು ಒಪ್ಪಂದವಾಯಿತು. ಹೊರಡುವ ಮುಂಚೆ ಅಕ್ಕ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಒಂದು ನಿಮಿಷ ಕೂತು ಎದ್ದರು. ಸೀಟು ಹರಿದಿದೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡೆ.

ಗ್ರೀಸ್ ಮಾವ, ಬಲ್ಬ್ ಇನ್ನೂ ಬಂದಿಲ್ಲ ಎಂದು ಮೇಷ್ಟ್ರಿಗೆ ಹೇಳುತ್ತ, ಐದು ದಿನ ಆ ಕಾರಿನ ಕೆಳಗೇ ಸಂಸಾರ ಮಾಡಿದ. ಸ್ಟಾರ್ಟರು, ಸೈಲೆನ್ಸರು, ಬ್ರೇಕು, ಗೇರು, ರೇಡಿಯೇಟರು, ಚಕ್ರದ ನೇರ, ಬಾಗಿಲಿನ ಬೀಗ, ಒಂದನ್ನೂ ಬಿಡಲಿಲ್ಲ. ಇಂಜಿನ್ ಚಾಲೂ ಮಾಡಿ, ಮುಚ್ಚಳದ ಮೇಲೆ ತುಂಬಿದ ಟೀ ಲೋಟ ಇಟ್ಟು ನನ್ನನ್ನು ಕರೆದು ತೋರಿಸಿದ. ಟೀ ಅಲುಗಲಿಲ್ಲ. ಅವನ ಕಣ್ಣಲ್ಲಿ ನೀರು ನಿಂತಿತ್ತು.

“ಇಂಥ ಕೆಲಸ ಜನ್ಮಕ್ಕೊಂದು ಸಲ ಬರೋದು. ಯಾರಿಗೂ ಹೇಳಬಾರದು ಅಂತೀರಲ್ಲ, ಇದು ನ್ಯಾಯಾನಾ?”

“ಬಾಯಿ ಬಿಟ್ರೆ ಬಣ್ಣಗೇಡು ಮಾವ. ಬಲ್ಬ್ ಹಾಕಿದೀನಿ ಅಂತ ಅಷ್ಟೇ ಹೇಳು.”

ಮರುದಿನ ಎಂಟೂಕಾಲಿಗೆ, ಗ್ರೀಸ್ ಮಾವ ತಂದು ಬಿಟ್ಟಿದ್ದ ಕಾರು ನನ್ನ ಬಾಗಿಲಲ್ಲಿತ್ತು. ಮೇಷ್ಟ್ರಿಗೆ ಅನುಮಾನ ಬರಬಾರದಲ್ಲ, ಎಂದಿನಂತೆ ಹಿಂದೆ ಹೋಗಿ ಕೈಕೊಟ್ಟೆ. ಅವರು ಒಳಗಿನಿಂದ “ಹೂಂ!” ಅಂದರು. ನಾನು ಮೈಭಾರವನ್ನೆಲ್ಲ ಹಾಕಿ ತಳ್ಳಿದೆ. ಅದೇ ಹೊತ್ತಿಗೆ ಅವರು ಕೀಲಿ ತಿರುಗಿಸಿದರು. ಕಾರು ಸದ್ದಿಲ್ಲದೆ ಮುಂದೆ ಹೋಯಿತು. ನಾನು ಅದಿದ್ದ ಜಾಗದಲ್ಲಿ ಅಂಗಾತ ಅಲ್ಲ, ಅದಕ್ಕಿಂತ ಕೆಟ್ಟದಾಗಿ, ಬೋರಲು ಬಿದ್ದೆ. ತಲೆಯೆತ್ತಿ ನೋಡಿದರೆ ಮೇಷ್ಟ್ರು ನೇರ ಹೋಗುವ ಉದ್ದೇಶದಿಂದ ಸ್ಟಿಯರಿಂಗನ್ನು ಬಲಕ್ಕೆ ಹಿಡಿದಿದ್ದಾರೆ, ಕಾರು ಹೇಳಿದ ಮಾತು ಕೇಳಿ ಬಲಕ್ಕೇ ಹೋಗುತ್ತಿದೆ. ಅಲ್ಲಿದ್ದದ್ದು ಎದುರು ಮನೆಯ ಹೆಡ್‌ಕ್ಲರ್ಕರ ಹೂವಿನ ಕುಂಡಗಳು. ಮೇಷ್ಟ್ರು ಅಭ್ಯಾಸದಂತೆ ಬ್ರೇಕನ್ನು ಮೂರು ಸಲ ತುಳಿದರು. ಕಾರು ಮೊದಲನೆಯದಕ್ಕೇ ನಿಂತಿತು, ಉಳಿದೆರಡಕ್ಕೆ ಕೆಮ್ಮಿತು, ಅಷ್ಟರೊಳಗೆ ನಾಲ್ಕು ಕುಂಡ ಉರುಳಿದ್ದವು. ಏನಾಯಿತೆಂದು ನೋಡಲು ಭುಜದಿಂದ ಬಾಗಿಲು ಗುದ್ದಿದರು. ಬಾಗಿಲು ಗಾಳಿಗೆ ತೆರೆದ ಹಾಗೆ ತೆರೆಯಿತು, ಮೇಷ್ಟ್ರು ಐದನೇ ಕುಂಡದ ಮೇಲೆ ಇಳಿದರು.

ಹೆಡ್‌ಕ್ಲರ್ಕರು ಬನಿಯನ್ನಿನಲ್ಲಿ ಓಡಿಬಂದರು. ನಿವೃತ್ತರಾದ ಮೇಲೆ ಅವರು ಗಡಿಯಾರ ನೋಡುವುದನ್ನು ಬಿಟ್ಟು ಮೇಷ್ಟ್ರ ಸೈಲೆನ್ಸರನ್ನೇ ನಂಬಿದ್ದವರು.

“ಏನ್ರೀ ಮೇಷ್ಟ್ರೇ, ಸದ್ದೇ ಇಲ್ದೆ ಬಂದು ಹೊಡೆಯೋದಾ? ನಿಮ್ಮ ಗಾಡಿ ಸದ್ದು ಕೇಳಿದ ಮೇಲೆ ನಾನು ಸ್ನಾನಕ್ಕೆ ಹೋಗೋದು. ಇವತ್ತು ನನ್ನ ಸ್ನಾನಾನೂ ಹೋಯ್ತು, ಗಿಡಾನೂ ಹೋಯ್ತು!”

ಮೇಷ್ಟ್ರು ಮೈಮೇಲಿನ ಮಣ್ಣು ಕೊಡವಿಕೊಳ್ಳಲೂ ಇಲ್ಲ. ಕಾರನ್ನೇ ನೋಡುತ್ತಿದ್ದರು. ಇಂಜಿನ್ ಓಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

ಆ ದಿನ ಅವರು ಶಾಲೆಗೆ ಒಂದು ಗಂಟೆ ತಡವಾಗಿ ಮುಟ್ಟಿದರು. ನಾಲ್ಕು ಕಿಲೋಮೀಟರಾದ ಮೇಲೆ ಎಂದಿನ ಜಾಗದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಬಾಟಲಿ ಹಿಡಿದು, ಹೊಗೆ ಬರಲೆಂದು ಕಾಯುತ್ತ ನಿಂತಿದ್ದರಂತೆ. ಬರಲೇ ಇಲ್ಲ. ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದರು:

“ಇದು ನನ್ನ ಕಾರಲ್ಲ.”

ನನ್ನ ಸೂಜಿ ಬೆರಳಿಗೆ ಚುಚ್ಚಿತು. “ಏನಂತೀರಿ ಮೇಷ್ಟ್ರೇ? ಅದೇ ಬಣ್ಣ, ಅದೇ ನಂಬರು.”

“ಮೇಲಿನ ಚರ್ಮ ನಂದೇ. ಒಳಗಿರೋದು ಯಾರೋ ಬೇರೆ. ಗ್ಯಾರೇಜಲ್ಲಿ ಇಂಜಿನ್ ಬದಲಾಯಿಸಿದಾರೆ. ನನ್ನ ಒಳ್ಳೇ ಇಂಜಿನ್ ತಗೊಂಡು ಈ ಮೂಗೀನ ಕೂರಿಸಿದಾರೆ!”

ಗ್ಯಾರೇಜಿಗೆ ನಡೆದರು, ನಾನೂ ಹಿಂದೆಯೇ ಓಡಿದೆ. “ಏನು ಮಾಡಿದೆಯಪ್ಪಾ ನನ್ನ ಕಾರಿಗೆ?” ಎಂದು ಕೇಳಿದರು. ಗ್ರೀಸ್ ಮಾವ ನನ್ನ ಮುಖ ನೋಡಿದ, ಆಕಾಶ ನೋಡಿದ, ತನ್ನ ಜೀವಮಾನದ ಕೆಲಸವನ್ನು ಒಂದೇ ಗುಟುಕಿಗೆ ನುಂಗಿದ.

“ಬಲ್ಬ್ ಹಾಕಿದೀನಿ ಸ್ವಾಮಿ.”

“ಬಲ್ಬ್ ಹಾಕಿದ್ರೆ ಬ್ರೇಕ್ ಹಿಡಿಯುತ್ತಾ?”

“ಒಳ್ಳೇ ಬಲ್ಬು ಸ್ವಾಮಿ.”

ಮೇಷ್ಟ್ರಿಗೆ ಇನ್ನು ಸಂಶಯವೇ ಉಳಿಯಲಿಲ್ಲ. ಮರುದಿನ ಪೊಲೀಸ್ ಠಾಣೆಗೆ ಹೊರಟರು. ನಾನು ಗಿರಾಕಿಗಳ ನೆಪ ಹೇಳಿದೆ, ಹೊಟ್ಟೆನೋವಿನ ನೆಪ ಹೇಳಿದೆ. “ನೀನೇ ಮುಖ್ಯ ಸಾಕ್ಷಿ. ಆ ಇಂಜಿನ್ನಿನ ಗುಣ ನಿನ್ನಷ್ಟು ಬಲ್ಲವರು ಯಾರು?” ಎಂದು ಕೈಹಿಡಿದು ಕರೆದುಕೊಂಡು ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಮಾಡಿದವನು ನನ್ನನ್ನು ಆ ಬೆಂಚಿನ ಮೇಲೆ ನೋಡಬೇಕಾಗಿತ್ತು.

ಸಬ್‌ಇನ್‌ಸ್ಪೆಕ್ಟರರು ದಪ್ಪ ಮೀಸೆಯ, ನಿದ್ದೆಗಣ್ಣಿನ ಮನುಷ್ಯ. ಪೆನ್ನು ತೆಗೆದು ಕೇಳಿದರು.

“ಏನು ಕಳುವಾಗಿದೆ?”

“ಇಂಜಿನ್.”

“ಈಗ ಗಾಡಿಯಲ್ಲಿ ಇಂಜಿನ್ ಇಲ್ವಾ?”

“ಇದೆ. ಆದ್ರೆ ನಂದಲ್ಲ. ನಂದು ಸದ್ದು ಮಾಡ್ತಿತ್ತು. ತಳ್ಳಿದ್ರೇನೇ ಏಳ್ತಿತ್ತು. ನಾಲ್ಕು ಕಿಲೋಮೀಟರಿಗೆ ಸರಿಯಾಗಿ ಕುದೀತಿತ್ತು. ಅಷ್ಟು ನಿಯತ್ತಿನ ಇಂಜಿನ್ನು! ಬೇಕಿದ್ರೆ ಇವನನ್ನ ಕೇಳಿ.”

“ಈಗ?”

“ಈಗ ಏನೂ ಇಲ್ಲ ಸರ್. ಕೀಲಿ ತಿರುಗಿಸಿದ್ರೆ ಹೋಗುತ್ತೆ, ತುಳಿದ್ರೆ ನಿಲ್ಲುತ್ತೆ.” ಮೇಷ್ಟ್ರು ಕರವಸ್ತ್ರ ತೆಗೆದರು.

ಸಬ್‌ಇನ್‌ಸ್ಪೆಕ್ಟರರು ಪೆನ್ನಿನ ಮುಚ್ಚಳ ಹಾಕಿದರು. “ಅಂದ್ರೆ ಕಳ್ಳ ಬಂದು ನಿಮ್ಮ ಗಾಡಿ ರಿಪೇರಿ ಮಾಡಿ ಬಿಟ್ಟು ಹೋಗಿದಾನೆ ಅಂತೀರಿ. ಅವನ ವಿಳಾಸ ಸಿಕ್ಕಿದ್ರೆ ದಯವಿಟ್ಟು ತಿಳಿಸಿ. ನಮ್ಮ ಜೀಪು ಮೂರು ತಿಂಗಳಿಂದ ಹಿತ್ತಲಲ್ಲಿ ನಿಂತಿದೆ.”

ಅಷ್ಟಕ್ಕೆ ಏಳುವವರಲ್ಲ ಮೇಷ್ಟ್ರು. ಏನಾದರೂ ಬರೆದುಕೊಡದೆ ಕದಲುವುದಿಲ್ಲವೆಂದು ಊಟದ ಹೊತ್ತಿನವರೆಗೂ ಕೂತರು. ಕೊನೆಗೆ ಸಬ್‌ಇನ್‌ಸ್ಪೆಕ್ಟರರು ಪೀಡೆ ತೊಲಗಲಿ ಎಂದು ಅವರ ಅರ್ಜಿಯ ಮೇಲೆ ಹೀಗೆ ಬರೆದು ಮೊಹರು ಒತ್ತಿದರು: “ಇಂಜಿನ್ ಬದಲಾಗಿರುವುದಾಗಿ ಮಾಲೀಕರು ಹೇಳುತ್ತಾರೆ. ಸಾರಿಗೆ ಕಚೇರಿಯವರು ಪರಿಶೀಲಿಸುವುದು.”

ಅಕ್ಕನಿಗೆ ಇದನ್ನು ತಿಳಿಸಿದಾಗ ಅವರ ಮುಖ ಬಿಳಿಚಿತು. “ಹೇಳಿಬಿಡೋಣ ಅಕ್ಕ” ಅಂದೆ. “ಈಗ ಹೇಳಿದ್ರೆ ಮೊದಲಿನ ಹಾಗೇ ಮಾಡಿಸಿಕೊಂಡು ಬರ್ತಾರೆ. ಪರೀಕ್ಷೆ ಒಂದು ಮುಗೀಲಿ” ಅಂದರು. ಆ ಭಯದಲ್ಲಿ ಅರ್ಥವಿತ್ತು.

ತಿಂಗಳ ಕೊನೆಯ ದಿನ ಬಂತು. ಮೇಷ್ಟ್ರು ಮುಂದೆ, ಅಕ್ಕ ಪಕ್ಕದಲ್ಲಿ, ನಾನು ಹಿಂದೆ ಬಾಟಲಿಗಳ ಜೊತೆ. ದಾರಿಯುದ್ದಕ್ಕೂ ಮೂವರ ತಲೆಗಳೂ ಒಟ್ಟಿಗೆ ಮುಂದಕ್ಕೆ ಹೋಗಿ ಒಟ್ಟಿಗೆ ಹಿಂದಕ್ಕೆ ಬಂದವು. ಸಾರಿಗೆ ಕಚೇರಿಯ ಬಯಲಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ತೆಳ್ಳಗೆ, ಕಟ್ಟುನಿಟ್ಟಾಗಿ, ಕಾಗದ ಸಿಕ್ಕಿಸಿದ ರಟ್ಟನ್ನು ಎದೆಗೆ ಒತ್ತಿಕೊಂಡು ನಮ್ಮ ಕಾರಿನ ಸುತ್ತ ಎರಡು ಸುತ್ತು ಬಂದರು. ಬಗ್ಗಿ ನೋಡಿದರು, ಕಿವಿಗೊಟ್ಟರು, ಹುಬ್ಬೇರಿಸಿದರು. ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಮೇಷ್ಟ್ರು ಪೊಲೀಸರ ಮೊಹರಿದ್ದ ಅರ್ಜಿಯನ್ನು ಅವರ ರಟ್ಟಿನ ಮೇಲೆ ಇಟ್ಟರು.

ಇನ್‌ಸ್ಪೆಕ್ಟರು ಎರಡು ಸಲ ಓದಿದರು.

“ದಿನಾ ನಲವತ್ತು ಗಾಡಿ ನೋಡ್ತೀನಿ ಸ್ವಾಮಿ. ಕೆಟ್ಟಿರೋ ಗಾಡೀನ ಒಳ್ಳೇದು ಅಂತ ಆಣೆ ಮಾಡೋರು ಬೇಕಾದಷ್ಟು ಜನ. ಒಳ್ಳೇ ಗಾಡೀನ ನಂದಲ್ಲ ಅಂದವರು ನೀವೊಬ್ರೇ.”

“ಸತ್ಯ ಸತ್ಯಾನೇ ಸರ್.”

“ಸರಿ, ಇಂಜಿನ್ ನಂಬರ್ ಅಚ್ಚು ತೆಗೀರಿ.”

ಇಂಜಿನ್ನಿನ ಮೈಮೇಲೆ ಕೊರೆದಿರುವ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಕಚೇರಿಯವರು ಕೊಟ್ಟ ಪೆನ್ಸಿಲನ್ನು ಮೇಷ್ಟ್ರು ಬೆಳಕಿಗೆ ಹಿಡಿದು, “ಇದು ಗಟ್ಟಿ ಸೀಸ, ಇದರಲ್ಲಿ ನೆರಳು ಬರಲ್ಲ” ಎಂದು ವಾಪಸು ಕೊಟ್ಟು, ತಮ್ಮ ಜೇಬಿನದನ್ನು ತೆಗೆದರು. ಕರವಸ್ತ್ರದಿಂದ ಎಣ್ಣೆ ಒರೆಸಿ, ಕಾಗದ ಇಟ್ಟು, ಮಗುವಿನ ಹಣೆ ನೇವರಿಸುವ ಹಾಗೆ ಉಜ್ಜಿದರು. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಇನ್‌ಸ್ಪೆಕ್ಟರು ದಾಖಲೆಗೆ ಹಿಡಿದು ನೋಡಿದರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ನಿಮ್ಮದೇ ಇಂಜಿನ್.”

ಮೇಷ್ಟ್ರು ಕಾಗದವನ್ನೇ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು. “ಅಯ್ಯೋ! ನಂಬರನ್ನೂ ನಕಲು ಮಾಡಿದಾರಲ್ಲ!”

ಇನ್‌ಸ್ಪೆಕ್ಟರ ಮುಖ ಗಂಟಿಕ್ಕಿತು. “ನಕಲಿ ನಂಬರ್ ಅಂತ ಮಾಲೀಕರಾಗಿ ನೀವೇ ಹೇಳ್ತಿದೀರಾ? ಹಾಗಾದ್ರೆ ಕೀಲಿ ಇಲ್ಲಿ ಕೊಡಿ. ಗಾಡಿ ಇಲ್ಲೇ ಇರ್ಲಿ. ನಕಲಿ ನಂಬರಿನ ಗಾಡಿಗಳು ಹೋಗೋದು ಆ ಕಡೆ.” ಬಯಲಿನ ಮೂಲೆಯತ್ತ ಕೈ ತೋರಿಸಿದರು. ಅಲ್ಲಿ ಅಪ್ಪಚ್ಚಿಯಾದ ಕಾರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

ಮೇಷ್ಟ್ರು ಆ ಕಡೆ ನೋಡಿದರು. ನನ್ನದಲ್ಲ ಎಂದು ವಾರವಿಡೀ ಊರು ತುಂಬ ಸಾರಿದವರು, ಮೆಲ್ಲಗೆ ಕೈಚಾಚಿ ಆ ಕಾರಿನ ಬಾನೆಟ್ಟಿನ ಮೇಲಿಟ್ಟರು. ಕೀಲಿ ಕೊಡಲಿಲ್ಲ.

“ಕೊಡಬೇಡಿ,” ಅಂದರು ಅಕ್ಕ. “ಇದು ನಮ್ಮ ಕಾರೇ. ನಾನೇ ರಿಪೇರಿ ಮಾಡಿಸಿದ್ದು.”

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

“ಬ್ರೇಕೂ?”

“ಬ್ರೇಕೂ.”

“ಸೈಲೆನ್ಸರೂ?”

“ಸೈಲೆನ್ಸರೂ, ಗೇರೂ, ರೇಡಿಯೇಟರೂ. ಹಾರ್ನು ಮಾತ್ರ ಗ್ರೀಸ್ ಮಾವ ತನ್ನ ಖುಷಿಗೆ ಮಾಡಿಕೊಟ್ಟ.”

ಮೇಷ್ಟ್ರು ನಿಜವಾದ ಆಶ್ಚರ್ಯದಿಂದ ಕೇಳಿದರು: “ಅಂದ್ರೆ ಇಷ್ಟು ವರ್ಷ ಅವೆಲ್ಲ ಕೆಟ್ಟಿದ್ವಾ?”

ಇನ್‌ಸ್ಪೆಕ್ಟರು ರಟ್ಟಿನ ಹಿಂದೆ ಮುಖ ಮರೆಸಿಕೊಂಡರು. ಭುಜ ಅಲುಗುತ್ತಿತ್ತು. ಸಾವರಿಸಿಕೊಂಡು, “ಸರಿ, ಓಡಿಸಿ ತೋರಿಸಿ. ಪಾಸ್ ಮಾಡ್ತೀನಿ” ಎಂದು ಪಕ್ಕದಲ್ಲಿ ಹತ್ತಿದರು. ಕಾರು ಬಯಲಿಗೆ ಒಂದು ಸುತ್ತು ಹೊರಟಿತು. ನೇರ ಹೋಗಬೇಕಾದಲ್ಲಿ ಬಲಕ್ಕೆ ಹೋಯಿತು. ಬಲಕ್ಕೆ ಹೋಗಬೇಕಾದಲ್ಲಿ ಮೇಷ್ಟ್ರು ಹಾರ್ನಿಗಾಗಿ ಕಾದು, ಅದು ಬಾರದ್ದರಿಂದ ಗಾಬರಿಯಾಗಿ ಬ್ರೇಕ್ ತುಳಿದರು, ಮೂರು ಸಲ. ಇನ್‌ಸ್ಪೆಕ್ಟರು ಇಳಿದಾಗ ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು.

“ಗಾಡಿಗೆ ಏನೂ ಆಗಿಲ್ಲ,” ಅಂದರು. “ಓಡಿಸೋರನ್ನ ಸರಿ ಮಾಡಿಸ್ಬೇಕು. ಆದ್ರೆ ಗಾಡಿ ಒಂದು ಸುತ್ತು ನೆಟ್ಟಗೆ ಹೋಗಿದ್ದನ್ನ ನೋಡ್ದೆ ನಾನು ಸಹಿ ಹಾಕೋ ಹಾಗಿಲ್ಲ. ಇವತ್ತೇ ಕೊನೇ ದಿನ ಬೇರೆ. ನಿಮ್ಮಲ್ಲಿ ಇನ್ಯಾರಿಗಾದ್ರೂ ಓಡಿಸೋಕೆ ಬರುತ್ತಾ?”

ಮೇಷ್ಟ್ರು ನನ್ನನ್ನು ನೋಡಿದರು. ನನ್ನ ವಿದ್ಯೆ ಏನಿದ್ದರೂ ಕಾರಿನ ಹಿಂಭಾಗಕ್ಕೆ ಸೇರಿದ್ದು.

ಅಕ್ಕ ಕೈಚೀಲ ತೆರೆದು ಒಂದು ಲೈಸೆನ್ಸ್ ತೆಗೆದು ಇನ್‌ಸ್ಪೆಕ್ಟರಿಗೆ ಕೊಟ್ಟರು. “ನಾನು ಓಡಿಸ್ತೀನಿ.”

“ನಿನಗೆ ಲೈಸೆನ್ಸ್ ಯಾವಾಗಿಂದ?” ಅಂದರು ಮೇಷ್ಟ್ರು.

“ಎಂಟು ವರ್ಷ ಆಯ್ತು. ತಗೊಂಡ ದಿನಾನೇ ನಿಮ್ಮ ಹತ್ರ ಕೀಲಿ ಕೇಳಿದೆ. ಇದು ಎಲ್ಲರ ಕೈಗೂ ಬಗ್ಗೋ ಗಾಡಿ ಅಲ್ಲ ಅಂದ್ರಿ. ನಿಜಾನೇ ಅಂದ್ರಿ. ಒಂದು ಸಲ ನೀವಿಲ್ದಾಗ ತಗೊಂಡು ಹೋದೆ, ವೃತ್ತದ ಮಧ್ಯೆ ನಿಂತುಬಿಡ್ತು. ಊರೆಲ್ಲ ಹಾರ್ನ್ ಹೊಡೀತು. ಆಮೇಲೆ ನಾನು ಕೇಳಲಿಲ್ಲ, ನೀವು ಕೊಡಲಿಲ್ಲ.” ಕೈಚೀಲ ಮುಚ್ಚುತ್ತ ಹೇಳಿದರು: “ಗಾಡಿ ಗುಜರಿಗೆ ಹೋಗಬಾರದು ಅನ್ನೋದು ಒಂದು. ನನ್ನ ಮಾತೂ ಒಂದಿನ ಕೇಳಲಿ ಅನ್ನೋದು ಇನ್ನೊಂದು.”

ಮೇಷ್ಟ್ರು ಒಳ್ಳೆಯವರು. ಇಷ್ಟು ಹೊತ್ತು ನಾನು ಅವರನ್ನು ಆಡಿಕೊಂಡದ್ದಕ್ಕೆ ಇದನ್ನೂ ಹೇಳಲೇಬೇಕು. ಅವರು ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ. “ಎಂಟು ವರ್ಷ ನನಗೆ ತಿಳೀಲೇ ಇಲ್ವಲ್ಲೇ. ತಪ್ಪಾಯ್ತು” ಎಂದು ಕೀಲಿಯನ್ನು ಹೆಂಡತಿಯ ಅಂಗೈಯಲ್ಲಿ ಇಟ್ಟರು. ನನಗೆ ಕಣ್ಣು ಮಂಜಾಯಿತು. ಕೊರಳಲ್ಲಿದ್ದ ಟೇಪಿನ ತುದಿಯಿಂದಲೇ ಒರೆಸಿಕೊಂಡೆ.

ಅಕ್ಕ ಬಯಲಿಗೆ ಒಂದು ಸುತ್ತು ಹಾಕಿದರು. ನೇರಕ್ಕೆ ನೇರ ಹೋಯಿತು, ತಿರುವಿಗೆ ತಿರುಗಿತು, ಇನ್‌ಸ್ಪೆಕ್ಟರ ಮುಂದೆ ಬಂದು ನಿಂತಿತು. ಅವರು ಅಲ್ಲೇ ಸಹಿ ಹಾಕಿದರು.

ಮನೆಗೆ ಹೊರಟಾಗಲೂ ಅಕ್ಕನೇ ಓಡಿಸಿದರು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದರು. ಶಾಲೆಯ ದಾರಿಗೆ ಬಂದಾಗ ಕಿಟಕಿಯಾಚೆ ನೋಡಿ ಒಮ್ಮೆಲೇ ನೆಟ್ಟಗೆ ಕೂತರು.

“ಇಲ್ಲೊಂದು ಕೆರೆ ಇದೆಯಾ?”

“ನೀವು ದಿನಾ ಹೋಗೋ ದಾರಿ ಕಣ್ರೀ ಇದು!”

“ಬಿಸಿ ತೋರಿಸೋ ಮುಳ್ಳು ಬಿಟ್ರೆ ಬೇರೆ ಏನು ನೋಡಿದೀನಿ ನಾನು?” ನೀರಿನ ಮೇಲೆ ಸಂಜೆಯ ಬೆಳಕು ಬಿದ್ದಿತ್ತು. ಕೊಕ್ಕರೆಗಳು ಒಂದೊಂದೇ ಇಳಿಯುತ್ತಿದ್ದವು. ಮೇಷ್ಟ್ರ ಕೈ ಜೇಬಿನ ಪೆನ್ಸಿಲಿನ ಕಡೆ ಹೋಯಿತು. “ಒಂದು ನಿಮಿಷ ನಿಲ್ಲಿಸ್ತೀಯಾ?”

ಅಕ್ಕ ಬ್ರೇಕನ್ನು ಮೆಲ್ಲಗೆ ಅದುಮಿದರು. ಹದಿನೈದು ವರ್ಷದಲ್ಲಿ ಆ ಕಾರು ನಾವು ಬೇಕೆಂದ ಕಡೆ ನಿಂತದ್ದು ಅದೇ ಮೊದಲು.